ಹವಳದ ದಿಬ್ಬಗಳ ಸಂರಕ್ಷಣೆಯಲ್ಲಿ ಬ್ಲಾಕ್‌ಚೈನ್ ಮತ್ತು ವಿಕೇಂದ್ರೀಕೃತ ವಿಜ್ಞಾನ

ಹವಳದ ದಿಬ್ಬಗಳ ಸಂರಕ್ಷಣೆಯಲ್ಲಿ ಬ್ಲಾಕ್‌ಚೈನ್ ಮತ್ತು ವಿಕೇಂದ್ರೀಕೃತ ವಿಜ್ಞಾನದ ಬಳಕೆ ಎಂಬುದು, ಸಮುದ್ರದ ಹವಳದ ದಿಬ್ಬಗಳ ಸಮೀಕ್ಷೆ, ಪುನಶ್ಚೇತನ ಮತ್ತು ರಕ್ಷಣಾ ಕಾರ್ಯಗಳಿಗೆ ಬೇಕಾದ ಹಣ ಹಾಗೂ ದತ್ತಾಂಶವನ್ನು ಹಲವರು ಹಂಚಿಕೊಂಡಿರುವ, ತಿದ್ದಲಾಗದ ಗಣಕ ದಾಖಲೆಯ ಮೂಲಕ ನಿರ್ವಹಿಸುವ ಪ್ರಸ್ತಾವಗಳಿಗೂ ಪ್ರಯೋಗಗಳಿಗೂ ಅನ್ವಯಿಸುವ ಹೆಸರು. ಇವುಗಳ ಉದ್ದೇಶಗಳು ಮುಖ್ಯವಾಗಿ ಮೂರು: ದಾನಿಯಿಂದ ಕಡಲತೀರದವರೆಗೆ ಹಣ ಸಾಗಿದ ಹಾದಿಯನ್ನು ಎಲ್ಲರಿಗೂ ಕಾಣುವಂತೆ ಮಾಡುವುದು, ಸಮೀಕ್ಷೆಯ ದತ್ತಾಂಶ ಯಾರದು ಮತ್ತು ಯಾವಾಗಿನದು ಎಂಬುದನ್ನು ಖಚಿತವಾಗಿ ದಾಖಲಿಸುವುದು, ಮತ್ತು ಯಾವ ಕೆಲಸಕ್ಕೆ ಹಣ ನೀಡಬೇಕೆಂಬ ತೀರ್ಮಾನದಲ್ಲಿ ಹೆಚ್ಚು ಜನರಿಗೆ ಪಾಲು ಕೊಡುವುದು.

ಈ ಕ್ಷೇತ್ರ ಇನ್ನೂ ಆರಂಭಿಕ ಹಂತದಲ್ಲಿದೆ. ಬ್ಲಾಕ್‌ಚೈನ್ ಒಮ್ಮೆ ಬರೆದಿಟ್ಟ ದಾಖಲೆಯನ್ನು ಅನಂತರ ಯಾರೂ ಬದಲಿಸದಂತೆ ಕಾಯಬಲ್ಲುದು. ಆದರೆ ಬರೆದದ್ದು ಮೊದಲಿಗೇ ನಿಜವಾಗಿತ್ತೇ ಎಂಬುದನ್ನು ಅದು ಹೇಳಲಾರದು. ಈ ತಂತ್ರಜ್ಞಾನದ ಉಪಯುಕ್ತತೆಯೂ ಅದರ ಮೇಲಿನ ಟೀಕೆಗಳೂ ಬಹುಮಟ್ಟಿಗೆ ಇದೇ ವ್ಯತ್ಯಾಸವನ್ನು ಆಧರಿಸಿವೆ.

ಹಿನ್ನೆಲೆ

ಹವಳದ ದಿಬ್ಬಗಳ ಸ್ಥಿತಿ

ಹವಳದ ದಿಬ್ಬಗಳನ್ನು ಕಟ್ಟುವುದು ಪಾಲಿಪ್ ಎಂಬ ಪುಟ್ಟ ಜೀವಿಗಳು. ಅವು ಸಮುದ್ರದ ನೀರಿನಿಂದ ಕ್ಯಾಲ್ಸಿಯಂ ಮತ್ತು ಕಾರ್ಬೊನೇಟ್ ಅಯಾನುಗಳನ್ನು ಹೀರಿ ಕ್ಯಾಲ್ಸಿಯಂ ಕಾರ್ಬೊನೇಟಿನ ಸುಣ್ಣದ ಗೂಡುಗಳನ್ನು ರಚಿಸುತ್ತವೆ. ಪಾಲಿಪ್‌ಗಳ ಅಂಗಾಂಶದೊಳಗೆ ವಾಸಿಸುವ ಸೂಕ್ಷ್ಮ ಪಾಚಿಗಳು ದ್ಯುತಿಸಂಶ್ಲೇಷಣೆಯಿಂದ ಆಹಾರ ತಯಾರಿಸಿ ಅದರ ಬಹುಭಾಗವನ್ನು ಹವಳಕ್ಕೆ ನೀಡುತ್ತವೆ. ಸಮುದ್ರದ ತಳದ ಶೇ. 1ಕ್ಕಿಂತಲೂ ಕಡಿಮೆ ಜಾಗದಲ್ಲಿರುವ ಈ ದಿಬ್ಬಗಳು ಕಡಲ ಜೀವಪ್ರಭೇದಗಳಲ್ಲಿ ಸುಮಾರು ಶೇ. 25ಕ್ಕೆ ಆಶ್ರಯವಾಗಿವೆ. ದಡಕ್ಕೆ ಬರುವ ಅಲೆಗಳ ಶಕ್ತಿಯನ್ನು ಅವು ಸರಾಸರಿ ಶೇ. 97ರಷ್ಟು ತಗ್ಗಿಸುತ್ತವೆ ಎಂದು 2014ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜು ಮಾಡಿದೆ.

ನೀರಿನ ಉಷ್ಣತೆ ಬೇಸಿಗೆಯ ಸಾಮಾನ್ಯ ಗರಿಷ್ಠ ಮಟ್ಟವನ್ನು ಕೆಲವು ವಾರ ಮೀರಿದರೆ ಹವಳಗಳು ತಮ್ಮೊಳಗಿನ ಪಾಚಿಯನ್ನು ಹೊರಹಾಕುತ್ತವೆ. ಆಗ ಬಣ್ಣ ಮಾಸಿ ಬಿಳಿಯ ಸುಣ್ಣದ ಗೂಡು ಕಾಣತೊಡಗುತ್ತದೆ. ಇದನ್ನು ಹವಳದ ಬಿಳಿಚುವಿಕೆ ಎನ್ನುತ್ತಾರೆ. ಬಿಳಿಚಿದ ಹವಳ ಕೂಡಲೇ ಸಾಯುವುದಿಲ್ಲ. ನೀರು ಬೇಗ ತಣಿದರೆ ಚೇತರಿಸಿಕೊಳ್ಳುತ್ತದೆ, ತಣಿಯದಿದ್ದರೆ ಹಸಿವಿನಿಂದಲೂ ರೋಗದಿಂದಲೂ ಸಾಯುತ್ತದೆ. ಜಾಗತಿಕ ಮಟ್ಟದ ಬಿಳಿಚುವಿಕೆ 1998, 2010 ಮತ್ತು 2014–2017ರ ಅವಧಿಯಲ್ಲಿ ಸಂಭವಿಸಿತು. 2023ರಲ್ಲಿ ಆರಂಭವಾದ ನಾಲ್ಕನೆಯದನ್ನು ಅಮೆರಿಕದ ಸಾಗರ ಮತ್ತು ವಾಯುಮಂಡಲ ಆಡಳಿತ ಸಂಸ್ಥೆಯಾದ ನೋವಾ 2024ರ ಏಪ್ರಿಲ್‌ನಲ್ಲಿ ದೃಢಪಡಿಸಿತು. ಈ ಬಾರಿ ಜಗತ್ತಿನ ಹವಳದ ದಿಬ್ಬಗಳ ಒಟ್ಟು ವಿಸ್ತಾರದಲ್ಲಿ ಶೇ. 80ಕ್ಕೂ ಹೆಚ್ಚು ಭಾಗ ಬಿಳಿಚುವ ಮಟ್ಟದ ಶಾಖಕ್ಕೆ ಗುರಿಯಾಯಿತು. ಜಾಗತಿಕ ತಾಪಮಾನ 1.5 ಡಿಗ್ರಿ ಸೆಲ್ಸಿಯಸ್ ಏರಿದರೆ ಹವಳಗಳು ಇನ್ನೂ ಶೇ. 70ರಿಂದ 90ರಷ್ಟು ಕ್ಷೀಣಿಸಬಹುದು, 2 ಡಿಗ್ರಿ ಏರಿದರೆ ಶೇ. 99ಕ್ಕೂ ಹೆಚ್ಚು ನಾಶವಾಗಬಹುದು ಎಂದು ಹವಾಮಾನ ಬದಲಾವಣೆಯ ಅಂತರ್‌ಸರ್ಕಾರಿ ಸಮಿತಿಯ 2018ರ ವಿಶೇಷ ವರದಿ ಎಚ್ಚರಿಸಿದೆ.

ದತ್ತಾಂಶ ಮತ್ತು ಹಣದ ಸಮಸ್ಯೆ

ಹವಳದ ಸ್ಥಿತಿಯನ್ನು ತಿಳಿಯುವ ಮುಖ್ಯ ವಿಧಾನ ನೀರಿನೊಳಗಿನ ಸಮೀಕ್ಷೆ. ಮುಳುಗುಗಾರರು ದಿಬ್ಬದ ಮೇಲೆ ಅಳತೆಪಟ್ಟಿಯನ್ನು ಹಾಸಿ, ಅದರ ಉದ್ದಕ್ಕೂ ಗೊತ್ತಾದ ಅಂತರಗಳಲ್ಲಿ ಛಾಯಾಚಿತ್ರ ತೆಗೆದು, ಜೀವಂತ ಹವಳ ಎಷ್ಟು ಶೇಕಡಾ ಜಾಗವನ್ನು ಆವರಿಸಿದೆ ಎಂದು ಲೆಕ್ಕ ಹಾಕುತ್ತಾರೆ. ಒಂದೇ ಜಾಗವನ್ನು ವರ್ಷ ವರ್ಷವೂ ಇದೇ ರೀತಿ ಅಳೆದಾಗ ಮಾತ್ರ ಈ ಅಂಕಿಗೆ ಬೆಲೆ ಬರುತ್ತದೆ. ಜಾಗತಿಕ ಹವಳದ ದಿಬ್ಬ ನಿಗಾ ಜಾಲವು 73 ದೇಶಗಳ 12,000ಕ್ಕೂ ಹೆಚ್ಚು ಸ್ಥಳಗಳ ಸುಮಾರು 20 ಲಕ್ಷ ದಾಖಲೆಗಳನ್ನು ಒಟ್ಟುಗೂಡಿಸಿ ಸಿದ್ಧಪಡಿಸಿದ 2020ರ ವರದಿಯ ಪ್ರಕಾರ, 2009 ಮತ್ತು 2018ರ ನಡುವೆ ಜಗತ್ತು ತನ್ನ ಹವಳದ ಶೇ. 14ರಷ್ಟನ್ನು ಕಳೆದುಕೊಂಡಿತು. ಈ ತೀರ್ಮಾನಕ್ಕೆ 300ಕ್ಕೂ ಹೆಚ್ಚು ವಿಜ್ಞಾನಿಗಳು ದತ್ತಾಂಶ ಒದಗಿಸಬೇಕಾಯಿತು.

ಇಂತಹ ದತ್ತಾಂಶದ ಒಡೆತನ ಸೂಕ್ಷ್ಮ ವಿಷಯ. ಹೆಚ್ಚಿನ ಹವಳದ ದಿಬ್ಬಗಳು ಉಷ್ಣವಲಯದ ಬಡ ಅಥವಾ ಮಧ್ಯಮ ಆದಾಯದ ದೇಶಗಳ ಕಡಲಿನಲ್ಲಿವೆ. ಸಂಶೋಧನೆಯ ಹಣ ಮತ್ತು ಪ್ರತಿಷ್ಠಿತ ಪತ್ರಿಕೆಗಳು ಹೆಚ್ಚಾಗಿ ಶ್ರೀಮಂತ ದೇಶಗಳಲ್ಲಿವೆ. ಹೊರಗಿನವರು ಬಂದು ಮಾದರಿ ಸಂಗ್ರಹಿಸಿ, ಸ್ಥಳೀಯರ ಹೆಸರಿಲ್ಲದೆ ಪ್ರಬಂಧ ಪ್ರಕಟಿಸುವ ರೂಢಿಗೆ ಪ್ಯಾರಾಶೂಟ್ ವಿಜ್ಞಾನ ಎಂಬ ಹೆಸರಿದೆ. ಇಂಡೋನೇಷ್ಯಾ ಮತ್ತು ಫಿಲಿಪೈನ್ಸ್‌ನ ಹವಳಗಳ ಕುರಿತ ಪ್ರಬಂಧಗಳಲ್ಲಿ ಆಯಾ ದೇಶದ ವಿಜ್ಞಾನಿಗಳ ಹೆಸರೇ ಇಲ್ಲದಿರುವುದು ಆಸ್ಟ್ರೇಲಿಯಕ್ಕೆ ಹೋಲಿಸಿದರೆ ಹೆಚ್ಚು ಎಂದು 2021ರ ಅಧ್ಯಯನವೊಂದು ತೋರಿಸಿತು.

ಹಣದ ಸಮಸ್ಯೆ ಇನ್ನೊಂದು ಬಗೆಯದು. ಸಂಶೋಧನಾ ಅನುದಾನಗಳು ಸಾಮಾನ್ಯವಾಗಿ ಎರಡು ಮೂರು ವರ್ಷಗಳಿಗೆ ಮಂಜೂರಾಗುತ್ತವೆ. ಹವಳದ ಚೇತರಿಕೆಗೆ ಹತ್ತು ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲ ಬೇಕು. ಇನ್ನೊಂದೆಡೆ, ಚಂಡಮಾರುತವಾದ ಮೇಲೆ ಮುರಿದು ಬಿದ್ದ ಹವಳದ ತುಂಡುಗಳನ್ನು ಕೆಲವೇ ದಿನ ವಾರಗಳೊಳಗೆ ಮತ್ತೆ ಬಂಡೆಗೆ ಕೂಡಿಸದಿದ್ದರೆ ಅವು ಮರಳಿನಲ್ಲಿ ಹೊರಳಿ ಸಾಯುತ್ತವೆ. ಅರ್ಜಿ, ಪರಿಶೀಲನೆ, ಮಂಜೂರಾತಿ ಎಂಬ ಕ್ರಮದಲ್ಲಿ ಬರುವ ಹಣ ಆ ಹೊತ್ತಿಗೆ ತಲುಪುವುದು ಅಪರೂಪ.

ಮೂಲ ಪರಿಕಲ್ಪನೆಗಳು

ಬ್ಲಾಕ್‌ಚೈನ್

ಬ್ಲಾಕ್‌ಚೈನ್ ಎಂಬುದು ಜಾಲದಲ್ಲಿರುವ ಅನೇಕ ಗಣಕಗಳು ಒಂದೇ ಪ್ರತಿಯನ್ನು ಇಟ್ಟುಕೊಂಡಿರುವ ಲೆಕ್ಕದ ಪುಸ್ತಕ. ದಾಖಲೆಗಳನ್ನು ಕಂತೆಗಳಾಗಿ ಸೇರಿಸಿ, ಪ್ರತಿ ಕಂತೆಯಲ್ಲೂ ಹಿಂದಿನ ಕಂತೆಯ ಹ್ಯಾಶ್ ಎಂಬ ಸಂಖ್ಯೆಯನ್ನು ಬರೆಯಲಾಗುತ್ತದೆ. ಹ್ಯಾಶ್ ಅಂದರೆ ಒಂದು ಕಡತದ ಬೆರಳಚ್ಚು ಇದ್ದಂತೆ. ಕಡತದಲ್ಲಿ ಒಂದು ಅಕ್ಷರ ಬದಲಾದರೂ ಅದು ಸಂಪೂರ್ಣ ಬೇರೆಯಾಗುತ್ತದೆ. ಹೀಗಾಗಿ ಹಳೆಯ ದಾಖಲೆಯನ್ನು ಗುಟ್ಟಾಗಿ ತಿದ್ದಿದರೆ ಮುಂದಿನ ಎಲ್ಲ ಕಂತೆಗಳೊಂದಿಗೆ ಅದು ಹೊಂದದೆ, ತಿದ್ದಿದ್ದು ಬಯಲಾಗುತ್ತದೆ. ಸತೋಶಿ ನಕಮೊಟೊ ಎಂಬ ಗುಪ್ತನಾಮದಲ್ಲಿ 2008ರಲ್ಲಿ ಪ್ರಕಟವಾದ ಬಿಟ್‌ಕಾಯಿನ್ ಪ್ರಬಂಧದಿಂದ ಈ ವ್ಯವಸ್ಥೆ ಪ್ರಸಿದ್ಧಿಗೆ ಬಂತು.

ಸ್ಮಾರ್ಟ್ ಕಾಂಟ್ರ್ಯಾಕ್ಟ್ ಮತ್ತು ಓರಾಕಲ್

ಗೊತ್ತುಪಡಿಸಿದ ಷರತ್ತು ಈಡೇರಿದಾಗ ತಾನಾಗಿಯೇ ಹಣ ವರ್ಗಾಯಿಸುವಂತಹ ಕೆಲಸ ಮಾಡುವ, ಬ್ಲಾಕ್‌ಚೈನ್ ಮೇಲೆ ಇರಿಸಿದ ಕ್ರಮವಿಧಿಯನ್ನು ಸ್ಮಾರ್ಟ್ ಕಾಂಟ್ರ್ಯಾಕ್ಟ್ ಎನ್ನುತ್ತಾರೆ. ಈ ಪದವನ್ನು 1990ರ ದಶಕದಲ್ಲಿ ಗಣಕ ವಿಜ್ಞಾನಿ ನಿಕ್ ಸಾಬೊ ಬಳಕೆಗೆ ತಂದರು. 2015ರಲ್ಲಿ ಆರಂಭವಾದ ಇಥೀರಿಯಂ ಜಾಲ ಇದನ್ನು ವ್ಯಾಪಕವಾಗಿ ಸಾಧ್ಯವಾಗಿಸಿತು. ಆದರೆ ಕ್ರಮವಿಧಿಗೆ ಕಡಲಿನ ಉಷ್ಣತೆಯಾಗಲಿ ಗಾಳಿಯ ವೇಗವಾಗಲಿ ತಾನಾಗಿ ಗೊತ್ತಾಗುವುದಿಲ್ಲ. ಹೊರಜಗತ್ತಿನ ಮಾಹಿತಿಯನ್ನು ಅದಕ್ಕೆ ತಲುಪಿಸುವ ವ್ಯವಸ್ಥೆಗೆ ಓರಾಕಲ್ ಎಂದು ಹೆಸರು. ಓರಾಕಲ್ ತಪ್ಪು ಮಾಹಿತಿ ನೀಡಿದರೆ ಕ್ರಮವಿಧಿಯೂ ನಿಷ್ಠೆಯಿಂದ ತಪ್ಪನ್ನೇ ಮಾಡುತ್ತದೆ.

ವಿಕೇಂದ್ರೀಕೃತ ವಿಜ್ಞಾನ

ಸಂಶೋಧನೆಗೆ ಹಣ ಹಂಚುವುದು, ಫಲಿತಾಂಶವನ್ನು ಪರಿಶೀಲಿಸುವುದು, ಪ್ರಕಟಿಸುವುದು ಮತ್ತು ಅದರ ಹಕ್ಕುಗಳನ್ನು ಹಂಚಿಕೊಳ್ಳುವುದು ಇವನ್ನು ಅನುದಾನ ಮಂಡಳಿ ಮತ್ತು ಪ್ರಕಾಶನ ಸಂಸ್ಥೆಗಳ ಹೊರಗೆ, ಬ್ಲಾಕ್‌ಚೈನ್ ಸಾಧನಗಳ ಮೂಲಕ ನಡೆಸಬೇಕೆನ್ನುವ ಚಳವಳಿಗೆ ವಿಕೇಂದ್ರೀಕೃತ ವಿಜ್ಞಾನ ಅಥವಾ ಸಂಕ್ಷೇಪವಾಗಿ ಡಿಸೈ ಎಂದು ಹೆಸರು. ಸದಸ್ಯರು ಟೋಕನ್‌ಗಳ ಮೂಲಕ ಮತ ಹಾಕಿ ನಿಧಿಯನ್ನು ನಿರ್ವಹಿಸುವ ವಿಕೇಂದ್ರೀಕೃತ ಸ್ವಾಯತ್ತ ಸಂಘಟನೆ, ಅಂದರೆ ಡಿಎಒ, ಇದರ ಸಾಮಾನ್ಯ ರೂಪ. ದೀರ್ಘಾಯುಷ್ಯದ ಸಂಶೋಧನೆಗೆ ಹಣ ನೀಡಲು 2021ರಲ್ಲಿ ರೂಪುಗೊಂಡ ವೀಟಾಡಿಎಒ, ಸಂಶೋಧನೆಯ ಬೌದ್ಧಿಕ ಹಕ್ಕನ್ನು ಟೋಕನ್ ರೂಪಕ್ಕೆ ತರುವ ಮಾಲಿಕ್ಯೂಲ್ ಮತ್ತು ಪ್ರಬಂಧಗಳ ಚರ್ಚೆ ಹಾಗೂ ಪರಿಶೀಲನೆಗೆ ಬಹುಮಾನ ನೀಡುವ ರಿಸರ್ಚ್‌ಹಬ್ ಇದರ ಪರಿಚಿತ ಉದಾಹರಣೆಗಳು. ಇವು ಹೆಚ್ಚಾಗಿ ಔಷಧ ಮತ್ತು ಜೀವವೈದ್ಯಕೀಯ ಕ್ಷೇತ್ರಕ್ಕೆ ಸೇರಿದವು. ಅಲ್ಲಿನ ಸಂಶೋಧನೆಯಿಂದ ಮುಂದೆ ಮಾರಾಟದ ಆದಾಯ ಬರಬಹುದೆಂಬ ನಿರೀಕ್ಷೆ ಇರುತ್ತದೆ. ಹವಳದ ಸಮೀಕ್ಷೆಯಿಂದ ಅಂತಹ ಆದಾಯ ಬರುವುದು ವಿರಳವಾದ್ದರಿಂದ, ಅದೇ ಮಾದರಿಯನ್ನು ನೇರವಾಗಿ ಸಮುದ್ರಕ್ಕೆ ಅನ್ವಯಿಸುವುದು ಸುಲಭವಲ್ಲ.

ಬಳಕೆಯ ಕ್ಷೇತ್ರಗಳು

ಸಮೀಕ್ಷೆಯ ದತ್ತಾಂಶ

ಸಮೀಕ್ಷೆಯ ಛಾಯಾಚಿತ್ರ, ಸ್ಥಳ, ದಿನಾಂಕ ಮತ್ತು ಅಳತೆಗಾರರ ಗುರುತು ಇರುವ ಕಡತವನ್ನು ಸಾಮಾನ್ಯ ಸಂಗ್ರಹದಲ್ಲಿಯೋ, ಐಪಿಎಫ್‌ಎಸ್‌ನಂತಹ ಹಂಚಿದ ಸಂಗ್ರಹ ಜಾಲದಲ್ಲಿಯೋ ಇರಿಸಿ, ಅದರ ಹ್ಯಾಶನ್ನು ಮಾತ್ರ ಬ್ಲಾಕ್‌ಚೈನ್‌ನಲ್ಲಿ ಬರೆಯುವುದು ಸಾಮಾನ್ಯ ವಿಧಾನ. ಛಾಯಾಚಿತ್ರಗಳು ಗಾತ್ರದಲ್ಲಿ ದೊಡ್ಡವಾದ್ದರಿಂದ ಅವನ್ನೇ ಬ್ಲಾಕ್‌ಚೈನ್‌ನಲ್ಲಿ ಇಡುವುದು ದುಬಾರಿ. ಇದರಿಂದ ಎರಡು ಪ್ರಯೋಜನಗಳಿವೆ. ಮೊದಲನೆಯದು, ಪುನಶ್ಚೇತನ ಯೋಜನೆಯೊಂದು ಯಶಸ್ಸು ಕಂಡಿದೆ ಎಂದು ಹೇಳಿಕೊಂಡಾಗ, ಆರಂಭದ ಅಳತೆಯನ್ನು ಅನಂತರ ಬದಲಿಸಿಲ್ಲವೆಂದು ಯಾರು ಬೇಕಾದರೂ ಪರೀಕ್ಷಿಸಬಹುದು. ಎರಡನೆಯದು, ದತ್ತಾಂಶ ಸಂಗ್ರಹಿಸಿದ ಸ್ಥಳೀಯ ಮುಳುಗುಗಾರ ಅಥವಾ ಮೀನುಗಾರರ ಹೆಸರು ದಾಖಲೆಯೊಂದಿಗೆ ಉಳಿಯುತ್ತದೆ; ಮುಂದೆ ಅದನ್ನು ಬಳಸಿದವರು ಅವರ ಪಾಲನ್ನು ಮರೆಮಾಚುವುದು ಕಷ್ಟವಾಗುತ್ತದೆ.

ಸೂಚ್ಯಂಕ ಆಧಾರಿತ ವಿಮೆ

ಹಾನಿಯನ್ನು ಅಳೆದು ಪರಿಹಾರ ನೀಡುವ ಬದಲು, ಗಾಳಿಯ ವೇಗ ಅಥವಾ ನೀರಿನ ಉಷ್ಣತೆಯಂತಹ ಅಳತೆಯೊಂದು ಮಿತಿ ಮೀರಿದ ಕೂಡಲೇ ನಿಗದಿತ ಹಣ ನೀಡುವ ವಿಮೆಗೆ ಸೂಚ್ಯಂಕ ಆಧಾರಿತ ವಿಮೆ ಎನ್ನುತ್ತಾರೆ. ಮೆಕ್ಸಿಕೋದ ಕಿಂಟಾನಾ ರೋ ರಾಜ್ಯದ ಕೆರಿಬಿಯನ್ ಕರಾವಳಿಯಲ್ಲಿ 2019ರಲ್ಲಿ ಹವಳದ ದಿಬ್ಬಕ್ಕೆ ಇಂತಹ ವಿಮೆ ಮಾಡಿಸಲಾಯಿತು. ರಾಜ್ಯ ಸರ್ಕಾರ, ಪ್ರವಾಸೋದ್ಯಮಿಗಳು ಮತ್ತು ದಿ ನೇಚರ್ ಕನ್ಸರ್ವೆನ್ಸಿ ಸಂಸ್ಥೆ ಇದರಲ್ಲಿ ಪಾಲುಗೊಂಡಿದ್ದವು. 2020ರ ಅಕ್ಟೋಬರ್‌ನಲ್ಲಿ ಡೆಲ್ಟಾ ಚಂಡಮಾರುತ ಅಪ್ಪಳಿಸಿದಾಗ 8 ಲಕ್ಷ ಅಮೆರಿಕನ್ ಡಾಲರ್‌ಗಿಂತ ಹೆಚ್ಚಿನ ಪರಿಹಾರ ದೊರೆಯಿತು. ಮೊದಲೇ ತರಬೇತಿ ಪಡೆದಿದ್ದ ಸ್ಥಳೀಯ ಮುಳುಗುಗಾರರ ದಳಗಳು ಸುಮಾರು 2,000 ಉರುಳಿದ ಹವಳ ಸಮೂಹಗಳನ್ನು ನಿಲ್ಲಿಸಿ, 13,000ಕ್ಕೂ ಹೆಚ್ಚು ಮುರಿದ ತುಂಡುಗಳನ್ನು ಮತ್ತೆ ನೆಟ್ಟವು.

ಕಿಂಟಾನಾ ರೋ ವಿಮೆಯಲ್ಲಿ ಬ್ಲಾಕ್‌ಚೈನ್ ಇರಲಿಲ್ಲ. ಆದರೂ ಹವಳದ ಕ್ಷೇತ್ರದಲ್ಲಿ ಸ್ಮಾರ್ಟ್ ಕಾಂಟ್ರ್ಯಾಕ್ಟ್‌ಗಳನ್ನು ಪ್ರತಿಪಾದಿಸುವವರಿಗೆ ಅದು ಒಂದು ಮಾದರಿಯಾಗಬಲ್ಲುದು, ಏಕೆಂದರೆ ಅದರ ಷರತ್ತು ಕ್ರಮವಿಧಿಯಲ್ಲಿ ಬರೆಯಬಹುದಾದಷ್ಟು ಸರಳವಾಗಿದೆ. ಬಿಳಿಚುವಿಕೆಗೂ ಇಂತಹ ಸೂಚ್ಯಂಕ ಲಭ್ಯವಿದೆ. ನೋವಾದ ಕೋರಲ್ ರೀಫ್ ವಾಚ್ ವಿಭಾಗವು ಉಪಗ್ರಹಗಳ ನೆರವಿನಿಂದ ಪ್ರತಿದಿನ ಪ್ರಕಟಿಸುವ ಉಷ್ಣವಾರ ಮಾಪನ ಕಳೆದ 12 ವಾರಗಳಲ್ಲಿ ಸಂಚಯವಾದ ಹೆಚ್ಚುವರಿ ಶಾಖವನ್ನು ತೋರಿಸುತ್ತದೆ. ಅದು 4ನ್ನು ಮುಟ್ಟಿದರೆ ಗಣನೀಯ ಬಿಳಿಚುವಿಕೆಯನ್ನೂ 8ನ್ನು ಮುಟ್ಟಿದರೆ ಹವಳಗಳ ಸಾವನ್ನೂ ನಿರೀಕ್ಷಿಸಬಹುದು. ಎಲ್ಲರಿಗೂ ಮುಕ್ತವಾಗಿರುವ ಈ ಅಂಕಿಯನ್ನು ಓರಾಕಲ್ ಓದಿ, ಮಾಪನ 4ನ್ನು ಸಮೀಪಿಸಿದಾಗಲೇ ಸ್ಥಳೀಯ ತಂಡಗಳಿಗೆ ಸಮೀಕ್ಷೆ ಮತ್ತು ನೆರಳು ಹೊದಿಸುವ ಕೆಲಸಗಳಿಗೆ ಹಣ ಬಿಡುಗಡೆ ಮಾಡಬಹುದೆಂಬುದು ಇಲ್ಲಿನ ಆಲೋಚನೆ.

ಬ್ಲಾಕ್‌ಚೈನ್ ಆಧಾರಿತ ಸೂಚ್ಯಂಕ ವಿಮೆಯ ಒಂದು ಪೂರ್ವ ನಿದರ್ಶನ ಬೇರೆ ಕ್ಷೇತ್ರದ್ದು. ವಿಮಾನ ತಡವಾದರೆ ತಾನಾಗಿ ಪರಿಹಾರ ನೀಡುವ ಫಿಜ್ಜಿ ಎಂಬ ವಿಮೆಯನ್ನು ಫ್ರಾನ್ಸ್‌ನ ಆಕ್ಸಾ ಕಂಪನಿ 2017ರಲ್ಲಿ ಇಥೀರಿಯಂ ಮೇಲೆ ಆರಂಭಿಸಿ, 2019ರಲ್ಲಿ ನಿಲ್ಲಿಸಿತು.

ಸಾಮೂಹಿಕ ಧನಸಹಾಯ

ಸಣ್ಣ ದಾನಿಗಳ ಸಂಖ್ಯೆಗೆ ಮಹತ್ವ ನೀಡುವ ವರ್ಗಾಧಾರಿತ ಧನಸಹಾಯ ಎಂಬ ಪದ್ಧತಿಯನ್ನು ವಿಟಾಲಿಕ್ ಬ್ಯೂಟೆರಿನ್, ಜೋಯಿ ಹಿಟ್ಜಿಗ್ ಮತ್ತು ಗ್ಲೆನ್ ವೈಲ್ 2018ರಲ್ಲಿ ಪ್ರಸ್ತಾಪಿಸಿದರು. ಇದರಲ್ಲಿ ಪ್ರತಿಯೊಬ್ಬರ ದಾನದ ವರ್ಗಮೂಲಗಳನ್ನು ಕೂಡಿ, ಬಂದ ಮೊತ್ತವನ್ನು ವರ್ಗ ಮಾಡಲಾಗುತ್ತದೆ. ಸಾಮಾನ್ಯ ನಿಧಿಯಿಂದ ಪ್ರತಿ ಯೋಜನೆಗೆ ದೊರೆಯುವ ಪಾಲು ಈ ಲೆಕ್ಕವನ್ನು ಅನುಸರಿಸುತ್ತದೆ. ಒಬ್ಬನೇ 100 ರೂಪಾಯಿ ಕೊಟ್ಟ ಯೋಜನೆಯ ಅಂಕ 100. ನೂರು ಜನ ತಲಾ 1 ರೂಪಾಯಿ ಕೊಟ್ಟ ಯೋಜನೆಯ ಅಂಕ 10,000. ಗಿಟ್‌ಕಾಯಿನ್ ಎಂಬ ವೇದಿಕೆ 2019ರಿಂದ ಈ ಪದ್ಧತಿಯಲ್ಲಿ ಹಣ ಹಂಚಿದ್ದು, ಹವಾಮಾನ ಸಂಬಂಧಿ ಯೋಜನೆಗಳಿಗೂ ಪ್ರತ್ಯೇಕ ಸುತ್ತುಗಳನ್ನು ನಡೆಸಿದೆ. ಒಬ್ಬನೇ ಅನೇಕ ಸುಳ್ಳು ಖಾತೆಗಳನ್ನು ತೆರೆದು ಲೆಕ್ಕವನ್ನು ವಕ್ರಗೊಳಿಸುವುದು ಈ ಪದ್ಧತಿಯ ಮುಖ್ಯ ದೌರ್ಬಲ್ಯ.

ಎನ್‌ಎಫ್‌ಟಿ ಎಂಬ ವಿಶಿಷ್ಟ ಟೋಕನ್‌ಗಳ ಮಾರಾಟದಿಂದಲೂ ಪರಿಸರ ಕಾರ್ಯಗಳಿಗೆ ಹಣ ಸಂಗ್ರಹಿಸಲಾಗಿದೆ. ಬೀಪಲ್ ಎಂದು ಪ್ರಸಿದ್ಧರಾದ ಕಲಾವಿದರ ಓಷನ್ ಫ್ರಂಟ್ ಎಂಬ ಗಣಕ ಕಲಾಕೃತಿ 2021ರ ಮಾರ್ಚ್‌ನಲ್ಲಿ 60 ಲಕ್ಷ ಡಾಲರ್‌ಗೆ ಹರಾಜಾಯಿತು. ಆ ಹಣವನ್ನು ಓಪನ್ ಅರ್ಥ್ ಫೌಂಡೇಶನ್‌ಗೆ ಮೀಸಲಿಡಲಾಗಿತ್ತು.

ಕ್ರೆಡಿಟ್‌ಗಳು

ಪರಿಸರಕ್ಕೆ ಆದ ಲಾಭವನ್ನು ಅಳತೆಯ ಘಟಕವಾಗಿ ಪರಿವರ್ತಿಸಿ ಮಾರುವುದು ಕ್ರೆಡಿಟ್ ಪದ್ಧತಿ. ಆಸ್ಟ್ರೇಲಿಯದ ಕ್ವೀನ್ಸ್‌ಲ್ಯಾಂಡ್‌ನ ರೀಫ್ ಕ್ರೆಡಿಟ್ ಯೋಜನೆಯಲ್ಲಿ, ಗ್ರೇಟ್ ಬ್ಯಾರಿಯರ್ ರೀಫ್ ಕಡೆಗೆ ಹರಿಯುವ ನೀರಿನಲ್ಲಿ 1 ಕಿಲೋಗ್ರಾಂ ಕರಗಿದ ನೈಟ್ರೋಜನ್ ಅಥವಾ 538 ಕಿಲೋಗ್ರಾಂ ನಯವಾದ ಹೂಳನ್ನು ತಡೆದ ರೈತರಿಗೆ ಒಂದು ಕ್ರೆಡಿಟ್ ಸಿಗುತ್ತದೆ. ಇಂತಹ ಸ್ಪಷ್ಟ ಘಟಕವನ್ನು ಟೋಕನ್ ಆಗಿಸುವುದು ತಾಂತ್ರಿಕವಾಗಿ ಸುಲಭ. ಆದರೆ ಹವಳದ ದಿಬ್ಬದ ಜೀವವೈವಿಧ್ಯಕ್ಕೆ ಇಂಗಾಲದ ಟನ್ನಿನಂತಹ ಏಕೈಕ ಮಾನದಂಡವಿಲ್ಲ. ಲಕ್ಷದ್ವೀಪದ ಒಂದು ಚದರ ಮೀಟರ್ ಹವಳವನ್ನು ಕೆರಿಬಿಯನ್‌ನ ಒಂದು ಚದರ ಮೀಟರಿಗೆ ಸಮವೆಂದು ಎಣಿಸುವುದಕ್ಕೆ ಜೀವಶಾಸ್ತ್ರದ ಆಧಾರವಿಲ್ಲ.

ಟೀಕೆಗಳು ಮತ್ತು ಮಿತಿಗಳು

ದಾಖಲೆ ಮತ್ತು ವಾಸ್ತವ

ತಪ್ಪಾಗಿ ಗುರುತಿಸಿದ ಪ್ರಭೇದ, ಬೇರೆ ಜಾಗದ ಛಾಯಾಚಿತ್ರ, ಆರೋಗ್ಯವಂತ ಮೂಲೆಯನ್ನಷ್ಟೇ ಆಯ್ದು ಮಾಡಿದ ಸಮೀಕ್ಷೆ ಇವು ಬ್ಲಾಕ್‌ಚೈನ್ ಸೇರಿದ ಮೇಲೂ ತಪ್ಪಾಗಿಯೇ ಉಳಿಯುತ್ತವೆ. ಶಾಶ್ವತ ದಾಖಲೆಯ ಗೌರವ ಬೇರೆ ಅವಕ್ಕೆ ದೊರೆಯುತ್ತದೆ. ಇದನ್ನು ತಡೆಯುವುದು ತರಬೇತಿ, ಮರುಸಮೀಕ್ಷೆ ಮತ್ತು ತಜ್ಞರ ಪರಿಶೀಲನೆಯಿಂದ ಮಾತ್ರ ಸಾಧ್ಯ. ಸೂಚ್ಯಂಕ ವಿಮೆಯಲ್ಲೂ ಅಳತೆ ಮತ್ತು ಹಾನಿ ಹೊಂದದಿರುವ ಸಂದರ್ಭಗಳಿವೆ: ಉಪಗ್ರಹದ ಅಂಕಿ ಮಿತಿಯೊಳಗಿದ್ದರೂ ಆಳವಿಲ್ಲದ ಕೊಲ್ಲಿಯೊಂದರ ಹವಳ ಸಾಯಬಹುದು, ಆಗ ಒಂದು ರೂಪಾಯಿಯೂ ಬಾರದು.

ಟೋಕನ್ ಮತ್ತು ಹವಳದ ಆಯುಷ್ಯವೂ ಬೇರೆ ಬೇರೆ. 2023ರ ಜುಲೈನಲ್ಲಿ ಅಮೆರಿಕದ ಫ್ಲಾರಿಡಾ ಕರಾವಳಿಯ ಮ್ಯಾನಟೀ ಕೊಲ್ಲಿಯಲ್ಲಿ ನೀರಿನ ಉಷ್ಣತೆ 38.4 ಡಿಗ್ರಿ ಸೆಲ್ಸಿಯಸ್ ಮುಟ್ಟಿತು. ಅದೇ ತಿಂಗಳು ಸೊಂಬ್ರೆರೊ ದಿಬ್ಬದಲ್ಲಿ ವರ್ಷಗಳ ಶ್ರಮದಿಂದ ನೆಟ್ಟು ಬೆಳೆಸಿದ್ದ ಹವಳಗಳೆಲ್ಲವೂ ಸತ್ತಿರುವುದು ಕಂಡುಬಂತು. ನೀರಿನ ನರ್ಸರಿಗಳಲ್ಲಿದ್ದ ಸಾವಿರಾರು ಹವಳಗಳನ್ನು ನೆಲದ ಮೇಲಿನ ತೊಟ್ಟಿಗಳಿಗೆ ಸಾಗಿಸಬೇಕಾಯಿತು. ನೆಟ್ಟ ಹವಳದ ಸಂಖ್ಯೆಗೆ ಟೋಕನ್ ನೀಡುವ ಯೋಜನೆಯಲ್ಲಿ ಇಂತಹ ಘಟನೆಯ ಅನಂತರವೂ ಟೋಕನ್ ಹಾಗೆಯೇ ಉಳಿಯುತ್ತದೆ. ಆದ್ದರಿಂದ ನೆಟ್ಟದ್ದಕ್ಕಿಂತ ಬದುಕಿ ಉಳಿದದ್ದನ್ನು, ಅದೂ ಹಲವು ವರ್ಷಗಳ ಅನಂತರ ಎಣಿಸಬೇಕೆಂಬುದು ಟೀಕಾಕಾರರ ಒತ್ತಾಯ.

ಮಾರುಕಟ್ಟೆಯ ಏರಿಳಿತ

2021ರ ಅಕ್ಟೋಬರ್‌ನಲ್ಲಿ ಆರಂಭವಾದ ಕ್ಲೈಮಾಡಿಎಒ ಇಂಗಾಲದ ಕ್ರೆಡಿಟ್‌ಗಳನ್ನು ಟೋಕನ್‌ಗಳಿಗೆ ಆಧಾರವಾಗಿರಿಸಿ, ಅವುಗಳ ಬೆಲೆ ಏರಿಸುವ ಮೂಲಕ ಪರಿಸರಕ್ಕೆ ನೆರವಾಗುವ ಗುರಿ ಹೊಂದಿತ್ತು. ಹಳೆಯ, ಬೇಡಿಕೆಯಿಲ್ಲದ ಅಗ್ಗದ ಕ್ರೆಡಿಟ್‌ಗಳು ಅದರಲ್ಲಿ ಹೆಚ್ಚಾಗಿ ತುಂಬಿಕೊಂಡವು ಎಂಬ ಟೀಕೆ ಬಂತು. ಅದರ ಟೋಕನ್‌ನ ಬೆಲೆ ಗರಿಷ್ಠ ಮಟ್ಟದಿಂದ ಶೇ. 90ಕ್ಕೂ ಹೆಚ್ಚು ಕುಸಿಯಿತು. ಒಮ್ಮೆ ಬಳಸಿ ರದ್ದುಪಡಿಸಿದ ಕ್ರೆಡಿಟ್‌ಗಳನ್ನು ಟೋಕನ್ ಆಗಿಸುವುದನ್ನು ಕ್ರೆಡಿಟ್ ನೋಂದಣಿ ಸಂಸ್ಥೆಯಾದ ವೆರಾ 2022ರ ಮೇ ತಿಂಗಳಲ್ಲಿ ನಿಷೇಧಿಸಿತು. ವರ್ಷಗಟ್ಟಲೆ ಸಂಬಳ ನೀಡಬೇಕಾದ ಸಮೀಕ್ಷಾ ತಂಡದ ನಿಧಿಯನ್ನು ಇಂತಹ ಅಸ್ಥಿರ ಟೋಕನ್‌ನಲ್ಲಿ ಇಡುವುದು ಅಪಾಯಕಾರಿ ಎಂಬುದಕ್ಕೆ ಈ ಪ್ರಕರಣವನ್ನು ನಿದರ್ಶನವಾಗಿ ಕೊಡಬಹುದು.

ಶಕ್ತಿಯ ಬಳಕೆ

ಬಿಟ್‌ಕಾಯಿನ್‌ನಂತಹ ಜಾಲಗಳು ಭಾರೀ ಪ್ರಮಾಣದ ವಿದ್ಯುತ್ತನ್ನು ಬಳಸುತ್ತವೆ. ಸಾಗರವನ್ನು ಬಿಸಿಯಾಗಿಸುವ ಹೊಗೆಗೆ ತಾನೂ ಕಾರಣವಾಗುವ ಸಾಧನದಿಂದ ಹವಳವನ್ನು ಉಳಿಸಲು ಹೊರಡುವುದು ವಿರೋಧಾಭಾಸ ಎಂಬ ಆಕ್ಷೇಪ ಇದರಿಂದ ಹುಟ್ಟಿತು. 2022ರ ಫೆಬ್ರವರಿಯಲ್ಲಿ ಬ್ರಿಟನ್ನಿನ ಡಬ್ಲ್ಯುಡಬ್ಲ್ಯುಎಫ್ ಸಂಸ್ಥೆ ಅಳಿವಿನಂಚಿನ ಪ್ರಾಣಿಗಳ ಹೆಸರಿನಲ್ಲಿ ಎನ್‌ಎಫ್‌ಟಿ ಮಾರಾಟ ಆರಂಭಿಸಿ, ಬೆಂಬಲಿಗರಿಂದಲೇ ಬಂದ ವಿರೋಧದಿಂದಾಗಿ ಕೆಲವೇ ದಿನಗಳಲ್ಲಿ ಅದನ್ನು ಕೈಬಿಟ್ಟಿತು. ಅದೇ ವರ್ಷದ ಸೆಪ್ಟೆಂಬರ್ 15ರಂದು ಇಥೀರಿಯಂ ಜಾಲವು ಗಣಿಗಾರಿಕೆಯ ಪದ್ಧತಿಯನ್ನು ಬಿಟ್ಟು, ಠೇವಣಿ ಆಧಾರದ ಮೇಲೆ ದಾಖಲೆಗಳನ್ನು ದೃಢೀಕರಿಸುವ ಪದ್ಧತಿಗೆ ಬದಲಾಯಿತು. ಇದರಿಂದ ಅದರ ವಿದ್ಯುತ್ ಬಳಕೆ ಶೇ. 99ಕ್ಕೂ ಹೆಚ್ಚು ಇಳಿಯಿತು. ಬಿಟ್‌ಕಾಯಿನ್ ಹಳೆಯ ಪದ್ಧತಿಯಲ್ಲೇ ಮುಂದುವರಿದಿದೆ.

ಆಡಳಿತ ಮತ್ತು ಸ್ಥಳೀಯ ಹಕ್ಕು

ಒಂದು ಟೋಕನ್‌ಗೆ ಒಂದು ಮತ ಎಂಬ ನಿಯಮದಲ್ಲಿ ಹೆಚ್ಚು ಟೋಕನ್ ಕೊಂಡವರ ಮಾತೇ ನಡೆಯುತ್ತದೆ. ಹವಳದ ದಿಬ್ಬವನ್ನು ಅವಲಂಬಿಸಿದ ಮೀನುಗಾರನಿಗೆ ಟೋಕನ್ ಇಲ್ಲದಿದ್ದರೆ, ದೂರದ ನಗರದ ಹೂಡಿಕೆದಾರನಿಗಿಂತ ಕಡಿಮೆ ಅಧಿಕಾರ ಸಿಗುತ್ತದೆ. ಅನೇಕ ಕಡಲತೀರಗಳಲ್ಲಿ ವಿಕೇಂದ್ರೀಕೃತ ಆಡಳಿತ ಗಣಕಗಳಿಗಿಂತ ಬಹಳ ಹಿಂದಿನಿಂದಲೂ ಇದೆ. ಇಂಡೋನೇಷ್ಯಾದ ಮಲುಕು ದ್ವೀಪಗಳ ಸಾಸಿ, ಪಲಾವು ದ್ವೀಪಗಳ ಬುಲ್ ಇವು ನಿರ್ದಿಷ್ಟ ಕಾಲ ಮೀನುಗಾರಿಕೆ ನಿಲ್ಲಿಸುವ ಸಾಂಪ್ರದಾಯಿಕ ಕಟ್ಟಳೆಗಳು. ಫಿಜಿಯ ಕೋಲಿಕೋಲಿ ಎಂಬುದು ಸಮುದಾಯದ ಹಕ್ಕಿಗೆ ಸೇರಿದ ಮೀನುಗಾರಿಕೆಯ ಕಡಲು. ಸಾಮುದಾಯಿಕ ಸಂಪನ್ಮೂಲಗಳನ್ನು ಬಳಕೆದಾರರೇ ಯಶಸ್ವಿಯಾಗಿ ನಿರ್ವಹಿಸಬಲ್ಲರೆಂದು ತೋರಿಸಿದ ಎಲಿನಾರ್ ಆಸ್ಟ್ರಮ್ ಅವರಿಗೆ 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಸ್ಮಾರಕ ಪ್ರಶಸ್ತಿ ದೊರೆಯಿತು. ಹೊಸ ಸಾಧನವು ಇಂತಹ ಕಟ್ಟಳೆಗಳಿಗೆ ನೆರವಾಗುತ್ತದೆಯೋ ಅವನ್ನು ಬದಿಗೊತ್ತುತ್ತದೆಯೋ ಎಂಬುದು ಅದರ ವಿನ್ಯಾಸವನ್ನು ಅವಲಂಬಿಸಿದೆ.

ಕ್ರಮವಿಧಿಯಲ್ಲಿನ ದೋಷವೂ ಅಪಾಯವೇ. ದಿ ಡಿಎಒ ಎಂಬ ನಿಧಿಯಿಂದ 2016ರಲ್ಲಿ ಒಂದು ದೋಷವನ್ನು ಬಳಸಿಕೊಂಡು ಸುಮಾರು 36 ಲಕ್ಷ ಈಥರ್ ನಾಣ್ಯಗಳನ್ನು ದೋಚಲಾಯಿತು.

ಗೋಪ್ಯತೆ

ಅಪರೂಪದ ಹವಳ ಅಥವಾ ಬೆಲೆಬಾಳುವ ಅಲಂಕಾರಿಕ ಮೀನಿರುವ ಜಾಗದ ನಿಖರ ಅಕ್ಷಾಂಶ ರೇಖಾಂಶಗಳು ಬಹಿರಂಗವಾದರೆ ಕಳ್ಳಬೇಟೆಗೆ ದಾರಿಯಾಗುತ್ತದೆ. ಬ್ಲಾಕ್‌ಚೈನ್‌ನಲ್ಲಿ ಒಮ್ಮೆ ಬರೆದದ್ದನ್ನು ಹಿಂಪಡೆಯಲಾಗದು. ವೈಯಕ್ತಿಕ ಮಾಹಿತಿಯನ್ನು ಅಳಿಸುವಂತೆ ಕೇಳುವ ಹಕ್ಕನ್ನು ನೀಡುವ ಯುರೋಪಿನ ಮತ್ತು ಭಾರತದ ದತ್ತಾಂಶ ಸಂರಕ್ಷಣಾ ಕಾನೂನುಗಳೊಂದಿಗೂ ಈ ಗುಣ ಘರ್ಷಿಸುತ್ತದೆ. ಹ್ಯಾಶನ್ನು ಮಾತ್ರ ಬರೆದು ಮೂಲ ಕಡತವನ್ನು ನಿಯಂತ್ರಣದಲ್ಲಿ ಇಟ್ಟುಕೊಳ್ಳುವುದು ಇದಕ್ಕೆ ಭಾಗಶಃ ಪರಿಹಾರ.

ಇತರ ಮಾರ್ಗಗಳು

ಮುಕ್ತ ದತ್ತಾಂಶಕ್ಕೆ ಬ್ಲಾಕ್‌ಚೈನ್ ಅನಿವಾರ್ಯವೇನಲ್ಲ. ಹವಳದ ದಿಬ್ಬಗಳ ಜಾಗತಿಕ ನಕ್ಷೆಯಾದ ಅಲೆನ್ ಕೋರಲ್ ಅಟ್ಲಾಸ್, ಸಮೀಕ್ಷೆಗಳನ್ನು ದಾಖಲಿಸುವ ಮರ್ಮೇಡ್, ಛಾಯಾಚಿತ್ರಗಳನ್ನು ವಿಶ್ಲೇಷಿಸುವ ಕೋರಲ್‌ನೆಟ್ ಮತ್ತು 1990ರ ದಶಕದಿಂದ ಸ್ವಯಂಸೇವಕ ಮುಳುಗುಗಾರರಿಗೆ ತರಬೇತಿ ನೀಡುತ್ತಿರುವ ರೀಫ್ ಚೆಕ್ ಸಾಮಾನ್ಯ ದತ್ತಾಂಶ ಸಂಗ್ರಹಗಳ ಆಧಾರದಲ್ಲೇ ನಡೆಯುತ್ತಿವೆ. ಪರಸ್ಪರ ನಂಬಿಕೆಯಿರುವ ಸಂಸ್ಥೆಗಳ ನಡುವೆ ಇಂತಹ ಸಂಗ್ರಹವೇ ಅಗ್ಗ ಮತ್ತು ಸರಳ. ಪರಸ್ಪರ ಪರಿಚಯವಿಲ್ಲದ ದಾನಿ, ಸಂಶೋಧಕ ಮತ್ತು ಸಮುದಾಯಗಳ ನಡುವೆ, ಯಾರೊಬ್ಬರೂ ಲೆಕ್ಕದ ಪುಸ್ತಕವನ್ನು ಇನ್ನೊಬ್ಬರ ಕೈಗೆ ಒಪ್ಪಿಸಲು ಸಿದ್ಧರಿಲ್ಲದಾಗ ಮಾತ್ರ ಬ್ಲಾಕ್‌ಚೈನ್‌ಗೆ ವಿಶೇಷ ಪಾತ್ರವಿದೆ.

ಭಾರತದಲ್ಲಿ

ಭಾರತದ ಪ್ರಮುಖ ಹವಳದ ದಿಬ್ಬಗಳು ಲಕ್ಷದ್ವೀಪ, ಅಂಡಮಾನ್ ಮತ್ತು ನಿಕೋಬಾರ್ ದ್ವೀಪಗಳು, ಮನ್ನಾರ್ ಕೊಲ್ಲಿ, ಪಾಕ್ ಕೊಲ್ಲಿ ಮತ್ತು ಕಛ್ ಕೊಲ್ಲಿಗಳಲ್ಲಿವೆ. ಕರ್ನಾಟಕದಲ್ಲಿ ಉತ್ತರ ಕನ್ನಡ ಜಿಲ್ಲೆಯ ಮುರುಡೇಶ್ವರದಾಚೆಯ ನೇತ್ರಾಣಿ ದ್ವೀಪದ ಸುತ್ತ ಹವಳಗಳು ಕಂಡುಬರುತ್ತವೆ. ದಿಬ್ಬ ಕಟ್ಟುವ ಹವಳಗಳನ್ನು 2001ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೆಯ ಪರಿಚ್ಛೇದಕ್ಕೆ ಸೇರಿಸಲಾಗಿದ್ದು, ಅನುಮತಿಯಿಲ್ಲದೆ ಅವುಗಳನ್ನು ಸಂಗ್ರಹಿಸುವುದು ಅಪರಾಧ.

ದೀರ್ಘಕಾಲದ ದತ್ತಾಂಶದ ಮಹತ್ವಕ್ಕೆ ಲಕ್ಷದ್ವೀಪ ಉತ್ತಮ ನಿದರ್ಶನ. ಮೈಸೂರಿನ ನೇಚರ್ ಕನ್ಸರ್ವೇಶನ್ ಫೌಂಡೇಶನ್‌ನ ಸಂಶೋಧಕರು ಅಗತ್ತಿ, ಕದ್ಮತ್ ಮತ್ತು ಕವರತ್ತಿಯ ದಿಬ್ಬಗಳ ಕುರಿತು ನಡೆಸಿದ ಅಧ್ಯಯನದ ಪ್ರಕಾರ, 1998ರಲ್ಲಿ ಸುಮಾರು ಶೇ. 37ರಷ್ಟಿದ್ದ ಜೀವಂತ ಹವಳದ ಹೊದಿಕೆ 24 ವರ್ಷಗಳಲ್ಲಿ ಬಹುತೇಕ ಅರ್ಧಕ್ಕೆ ಇಳಿದಿದೆ. 1998, 2010 ಮತ್ತು 2016ರ ಬಿಳಿಚುವಿಕೆಗಳು ಇದಕ್ಕೆ ಕಾರಣವೆಂದು ಗುರುತಿಸಲಾಗಿದೆ. ಒಂದು ಬಿಳಿಚುವಿಕೆಗೂ ಮುಂದಿನದಕ್ಕೂ ನಡುವಿನ ಬಿಡುವು ಕಡಿಮೆಯಾದಂತೆ ಚೇತರಿಕೆಗೆ ಸಮಯ ಸಾಲುವುದಿಲ್ಲ ಎಂಬ ಅರಿವು ಬಂದದ್ದು ಇಂತಹ ಎಡೆಬಿಡದ ಸಮೀಕ್ಷೆಯಿಂದಲೇ. ಬೆಂಗಳೂರಿನ ದಕ್ಷಿಣ್ ಫೌಂಡೇಶನ್‌ನ ನೆರವಿನಿಂದ ಲಕ್ಷದ್ವೀಪದ ಮೀನುಗಾರರು ತಮ್ಮ ಟ್ಯೂನಾ ಮೀನಿನ ಹಿಡುವಳಿಯನ್ನು ತಾವೇ ದಾಖಲೆ ಪುಸ್ತಕಗಳಲ್ಲಿ ಬರೆದಿಡುತ್ತಿದ್ದಾರೆ. ಯಾವ ಟೋಕನ್ ಕೂಡ ಇಲ್ಲದ ಈ ಕ್ರಮವೂ ಅರ್ಥದಲ್ಲಿ ವಿಕೇಂದ್ರೀಕೃತ ವಿಜ್ಞಾನವೇ ಆಗಿದೆ.

ಭಾರತದ ಕಾನೂನಿನಲ್ಲಿ ಟೋಕನ್‌ಗಳನ್ನು ವರ್ಚುವಲ್ ಡಿಜಿಟಲ್ ಆಸ್ತಿ ಎಂದು ಪರಿಗಣಿಸಲಾಗುತ್ತದೆ. ಅವುಗಳ ವರ್ಗಾವಣೆಯಿಂದ ಬಂದ ಲಾಭದ ಮೇಲೆ 2022ರ ಏಪ್ರಿಲ್ 1ರಿಂದ ಶೇ. 30ರ ಆದಾಯ ತೆರಿಗೆ ಇದೆ. ಅದೇ ವರ್ಷದ ಜುಲೈ 1ರಿಂದ ವರ್ಗಾವಣೆಯ ಮೊತ್ತದಲ್ಲಿ ಶೇ. 1ರಷ್ಟನ್ನು ಮೂಲದಲ್ಲೇ ಕಡಿತಗೊಳಿಸಲಾಗುತ್ತದೆ. ಸ್ವಯಂಸೇವಾ ಸಂಸ್ಥೆಗಳು ವಿದೇಶಿ ದೇಣಿಗೆ ಪಡೆಯಲು ವಿದೇಶಿ ವಂತಿಗೆ ನಿಯಂತ್ರಣ ಕಾಯ್ದೆಗೂ ಒಳಪಡುತ್ತವೆ. ಹೀಗಾಗಿ ಗಡಿಯಾಚೆಗಿನ ಟೋಕನ್ ಆಧಾರಿತ ಧನಸಹಾಯದ ಮಾದರಿಗಳನ್ನು ಭಾರತದ ಹವಳದ ಯೋಜನೆಗಳಿಗೆ ಇದ್ದಂತೆಯೇ ಅಳವಡಿಸಲು ಬರುವುದಿಲ್ಲ. ಸಮೀಕ್ಷೆಯ ಕಡತಗಳ ಹ್ಯಾಶನ್ನು ಕಾಲಮುದ್ರೆಯೊಂದಿಗೆ ದಾಖಲಿಸುವಂತಹ, ಹಣದ ವರ್ಗಾವಣೆಯಿಲ್ಲದ ಬಳಕೆಗಳಿಗೆ ಈ ತೊಡಕು ಅನ್ವಯಿಸುವುದಿಲ್ಲ.

ಇವನ್ನೂ ನೋಡಿ

ಹವಳ
ಹವಳದ ಬಿಳಿಚುವಿಕೆ
ಗ್ರೇಟ್ ಬ್ಯಾರಿಯರ್ ರೀಫ್
ಲಕ್ಷದ್ವೀಪ
ನೇತ್ರಾಣಿ ದ್ವೀಪ
ಬ್ಲಾಕ್‌ಚೈನ್
ಇಥೀರಿಯಂ
ಮುಕ್ತ ವಿಜ್ಞಾನ
ನಾಗರಿಕ ವಿಜ್ಞಾನ